ತಿದ್ದಿದವರು ಯಾರು, ಯಾವಾಗ, ಏಕೆ?



ಕನ್ನಡದಲ್ಲಿ ‘ಶೂನ್ಯಸಂಪಾದನೆ’ ಒಂದೇ ಇಲ್ಲ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಪೋಣಿಸಿದರು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣಾಚಾರ್ಯರು ಅದನ್ನು ತಂತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ಹೊಸದು ಸಿದ್ಧವಾಯಿತೆಂದು ಹಳೆಯ ಪಾಠ ಮಾಯವಾಗಲಿಲ್ಲ. ನಾಲ್ಕೂ ಉಳಿದು ಬಂದವು. ಯಾವ ವಚನ ಎಲ್ಲಿ ಸೇರಿತು, ಯಾವುದು ಸ್ಥಾನ ಬದಲಿಸಿತು ಎಂದು ವಿದ್ವಾಂಸರು ಹೋಲಿಸಿ ಹೇಳಲು ಸಾಧ್ಯವಾದದ್ದು ಇದರಿಂದಲೇ.

ಕಂಪ್ಯೂಟರಿನ ಸ್ವಭಾವ ಬೇರೆ. ಕಡತವೊಂದನ್ನು ತಿದ್ದಿ ‘ಸೇವ್’ ಮಾಡಿದರೆ ಸಾಮಾನ್ಯವಾಗಿ ಹೊಸದು ಹಳೆಯದರ ಜಾಗದಲ್ಲೇ ಕೂರುತ್ತದೆ. ಗ್ರಂಥ, ಶಾಸನ, ಛಾಯಾಚಿತ್ರಗಳನ್ನು ಕೂಡಿಡುವ ಡಿಜಿಟಲ್ ಭಂಡಾರದಲ್ಲಿ ಹೀಗಾದರೆ ಗತಿಯೇನು? ಶಾಸನದ ಪಾಠದಲ್ಲಿ ಯಾರೋ ಒಂದಕ್ಷರ ‘ಸರಿಪಡಿಸಿ’ದರೆ, ಮೊದಲು ಏನಿತ್ತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆ ತಿದ್ದುಪಡಿಯೇ ತಪ್ಪಾಗಿದ್ದರೆ?

ಈ ತೊಡಕನ್ನು ಮೊದಲು ಬಿಡಿಸಹೊರಟವರು ತಂತ್ರಾಂಶ ಬರೆಯುವವರು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ಇದಕ್ಕೊಂದು ವ್ಯವಸ್ಥೆ ರೂಪಿಸಿದರು. ಪ್ರತಿ ಸಲವೂ ಇಡೀ ಕಡತವನ್ನು ನಕಲು ಮಾಡಿಡುವ ಬದಲು, ಬದಲಾದ ಸಾಲುಗಳನ್ನಷ್ಟೇ ದಾಖಲಿಸುವುದು ಅದರ ಉಪಾಯ. 1980ರ ದಶಕದಲ್ಲಿ ವಾಲ್ಟರ್ ಟಿಕಿ ಇದನ್ನು ತಿರುಗಿಸಿದರು: ಹೊಚ್ಚಹೊಸ ಆವೃತ್ತಿ ಪೂರ್ಣವಾಗಿ ಇರಲಿ, ಹಿಂದಿನದಕ್ಕೆ ಮರಳುವ ವ್ಯತ್ಯಾಸಗಳು ಅದರ ಜೊತೆಗಿರಲಿ. ಜನ ಹೆಚ್ಚಾಗಿ ಕೇಳುವುದು ಹೊಸದನ್ನೇ ಅಲ್ಲವೇ?

ಇದರ ಫಲವನ್ನು ಯಾರೂ ಕಣ್ಣಾರೆ ನೋಡಬಹುದಾದ ಜಾಗ ವಿಕಿಪೀಡಿಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲೂ ಪ್ರತಿ ಲೇಖನಕ್ಕೆ ಒಂದು ‘ಇತಿಹಾಸ’ದ ಪುಟವಿದೆ. ಯಾರು ತಿದ್ದಿದರು, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅಲ್ಲಿ ತಾನಾಗಿ ದಾಖಲಾಗುತ್ತದೆ. ಕಿಡಿಗೇಡಿಯೊಬ್ಬ ಪುಟ ಕೆಡಿಸಿದರೆ ಹಳೆಯದನ್ನು ಮರಳಿ ತರಬಹುದು; ಆದರೆ ಕೆಡಿಸಿದ್ದು ಅಳಿಯುವುದಿಲ್ಲ, ಸರಿಪಡಿಸಿದ್ದು ಅದರ ಮೇಲೆ ಹೊಸ ಆವೃತ್ತಿಯಾಗಿ ಸೇರುತ್ತದೆ. ಖಾಸಗಿ ವಿವರ ಬಯಲಾದಂಥ ಸಂದರ್ಭದಲ್ಲಿ ಮಾತ್ರ ನಿರ್ವಾಹಕರು ಹಳೆಯ ಆವೃತ್ತಿಯನ್ನು ಮರೆಮಾಡುತ್ತಾರೆ.

ಯಂತ್ರ ತುಂಬಲಾರದ ಅಂಕಣ ಒಂದಿದೆ: ‘ಏಕೆ’. ಕಾರಣವನ್ನು ಮನುಷ್ಯರೇ ಬರೆಯಬೇಕು. ಅವಸರದಲ್ಲಿ ಖಾಲಿ ಬಿಟ್ಟರೆ, ಅಕ್ಷರ ಬದಲಾದದ್ದು ಗೊತ್ತಾಗುತ್ತದೆ. ಅದು ಹೊಸ ಆಧಾರದಿಂದಲೋ ಬೆರಳು ಜಾರಿಯೋ ಎಂಬುದು ಗೊತ್ತಾಗುವುದಿಲ್ಲ.

ಓದುಗರಿಗೂ ಒಂದು ಹೊಣೆಯಿದೆ. ಉಲ್ಲೇಖಿಸುವಾಗ ಯಾವ ಆವೃತ್ತಿ ಎಂದು ಹೇಳಬೇಕು. ಯುರೋಪಿನ ಸರ್ನ್ ಸಂಸ್ಥೆ ನಡೆಸುವ ‘ಜೆನೋಡೊ’ ಭಂಡಾರ ಪ್ರತಿ ಆವೃತ್ತಿಗೂ ಪ್ರತ್ಯೇಕ ಗುರುತಿನ ಸಂಖ್ಯೆ, ಎಲ್ಲಕ್ಕೂ ಸೇರಿ ಇನ್ನೊಂದು ಸಂಖ್ಯೆ ಕೊಡುತ್ತದೆ. ಹೊಸದು ಬಂದರೂ ಹಳೆಯ ಉಲ್ಲೇಖ ದಿಕ್ಕು ತಪ್ಪುವುದಿಲ್ಲ.

ಓಲೆಗರಿಗಳನ್ನು ಕಂಪ್ಯೂಟರಿಗೆ ಏರಿಸುವ ಸಂಸ್ಥೆಗಳು ಎಷ್ಟು ಪುಟ ಏರಿತೆಂದು ಲೆಕ್ಕ ಹೇಳುವುದುಂಟು. ಏರಿಸಿದ ಮೇಲೆ ತಿದ್ದಿದ್ದರ ಲೆಕ್ಕ ಎಲ್ಲಿದೆ ಎಂದೂ ಅವುಗಳನ್ನು ಕೇಳಬೇಕಾಗಿದೆ.