ಬಿಸಿಲು ಪುಕ್ಕಟೆ, ಸಾಲ ಪುಕ್ಕಟೆಯಲ್ಲ

(ಜಾವಗಲ್ಲಿನಲ್ಲಿ ನಡೆದ ಹೋಬಳಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಕೊಬ್ಬರಿ ಬೆಲೆಯ ಮಾತೆತ್ತುವುದಿಲ್ಲ. ನಮ್ಮ ಮನೆಯ ಸೂರಿನ ಮೇಲೆ ಬಂದು ಕೂರುತ್ತಿರುವ ಒಂದು ಹೊಸ ಸಾಲದ ವಿಚಾರ ಮಾತಾಡಬೇಕು. ನಮ್ಮ ಹಳ್ಳಿಗಳಿಗೆ ಈಗ ಬೈಕಿನಲ್ಲಿ ಹುಡುಗರು ಬರುತ್ತಿದ್ದಾರೆ. "ಸರ್ಕಾರ ಪುಕ್ಕಟೆ ಕರೆಂಟು ಕೊಡ್ತದೆ ಯಜಮಾನರೇ, ಆಧಾರ್ ಕಾರ್ಡು, ಪಾಸ್‌ಬುಕ್ಕು ಕೊಡಿ, ಇಲ್ಲೊಂದು ಸಹಿ ಹಾಕಿ" ಅಂತಾರೆ. ಪುಕ್ಕಟೆ ಅಂದ ಮೇಲೆ ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಯಾಕೆ ಎಂದು ನಾವು ಯಾರೂ ಕೇಳುವುದಿಲ್ಲ.

ನಾನು ಸೋಲಾರ್ ವಿರೋಧಿಯಲ್ಲ. ನನ್ನ ಮನೆಯ ತಾರಸಿಯ ಮೇಲೂ ಪ್ಯಾನಲ್ ಇದೆ. ಹಾಕಿಸಿ ಪೆಟ್ಟು ತಿಂದವನು ನಾನು. ಆ ಪೆಟ್ಟು ನಿಮಗೂ ಬೀಳದಿರಲಿ ಎಂದು ಈ ಮಾತು.

ಮೊದಲು ಯೋಜನೆ ಏನೆಂದು ತಿಳಿಯೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆ ಶುರು ಮಾಡಿತು. ಒಂದು ಕೋಟಿ ಮನೆಗಳ ಗುರಿ. 1 ಕಿಲೋವ್ಯಾಟಿಗೆ 30 ಸಾವಿರ, 2 ಕಿಲೋವ್ಯಾಟಿಗೆ 60 ಸಾವಿರ, 3 ಮತ್ತು ಅದಕ್ಕೆ ಮೇಲ್ಪಟ್ಟು ಎಷ್ಟೇ ಹಾಕಿದರೂ 78 ಸಾವಿರ ಸಬ್ಸಿಡಿ. ಈ ದುಡ್ಡು ಮೊದಲೇ ಬರುವುದಿಲ್ಲ. ಪ್ಯಾನಲ್ ಕೂರಿಸಿ, ಮೀಟರು ಹಾಕಿ, ಪರಿಶೀಲನೆ ಆದ ಮೇಲೆ ನಿಮ್ಮ ಖಾತೆಗೆ ಬರುತ್ತದೆ. ಪ್ಯಾನಲ್ ನಮ್ಮ ದೇಶದಲ್ಲೇ ತಯಾರಾದ ಸೆಲ್ಲಿನದ್ದಾಗಿರಬೇಕು. ಅಗ್ಗ ಎಂದು ಬೇರೆ ಮಾಲು ಕೂರಿಸಿಕೊಂಡರೆ ಸಬ್ಸಿಡಿ ಹೋಯಿತು.

ಇನ್ನು ಲೆಕ್ಕ. ನಮ್ಮ ಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಆಷಾಢ ಶ್ರಾವಣದ ಮೋಡದಲ್ಲಿ ಕಮ್ಮಿ. 3 ಕಿಲೋವ್ಯಾಟ್ ಅಂದರೆ ತಿಂಗಳಿಗೆ 360 ಯೂನಿಟ್. ಖರ್ಚು ಸುಮಾರು 2 ಲಕ್ಷ ಎಂದು ಹಿಡಿಯಿರಿ. ಸಬ್ಸಿಡಿ ಕಳೆದು ಉಳಿಯುವ ಸಾಲ ಹೆಚ್ಚುಕಮ್ಮಿ 1,20,000. ಬಡ್ಡಿ ನೂರಕ್ಕೆ 7 ಅಂದುಕೊಂಡರೆ ಮೊದಲ ವರ್ಷಕ್ಕೆ 8,400 ರೂಪಾಯಿ.

ಈಗ ಎರಡು ಮನೆ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಫ್ರಿಜ್ಜು, ಗೀಸರು, ಹಿಟ್ಟಿನ ಗಿರಣಿ ಎಲ್ಲ ಇದೆ, ತಿಂಗಳಿಗೆ 300 ಯೂನಿಟ್ ಸುಡುತ್ತದೆ. 200 ದಾಟಿದ್ದರಿಂದ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್ಟಿಗೆ 6 ರೂಪಾಯಿ ಹತ್ತಿರ ಹಿಡಿದರೆ ತಿಂಗಳಿಗೆ 1,800 ರೂಪಾಯಿ ಉಳಿಯುತ್ತದೆ. ಆ ಮನೆಯವರು ಹಾಕಿಸಲಿ, ಐದಾರು ವರ್ಷದಲ್ಲಿ ಅಸಲು ಹುಟ್ಟುತ್ತದೆ.

ಇನ್ನೊಂದು ಮನೆ ನಿಮ್ಮಲ್ಲಿ ಬಹಳ ಜನರದ್ದು. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿ.ವಿ., ಮಿಕ್ಸಿ. ತಿಂಗಳಿಗೆ 80 ಯೂನಿಟ್. 2023ರ ಜುಲೈಯಿಂದ ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುತ್ತೀರಿ? ನಿಮಗೆ ಸಿಗುವುದು ಮಿಕ್ಕ 280 ಯೂನಿಟ್ ಮಾರಿದ ದುಡ್ಡು ಮಾತ್ರ. ಯೂನಿಟ್ಟಿಗೆ 3 ರೂಪಾಯಿ ಅಂದರೆ ತಿಂಗಳಿಗೆ 840, ವರ್ಷಕ್ಕೆ 10,080. ಬಡ್ಡಿಗೆ 8,400 ಹೋಯಿತು. ಅಸಲಿಗೆ ಸೇರಿದ್ದು 1,680. ಅಸಲು ಎಷ್ಟು? 1,20,000! ಈ ಸಾಲ ನೀವು ತೀರಿಸುತ್ತೀರೋ, ನಿಮ್ಮ ಮೊಮ್ಮಗ ತೀರಿಸುತ್ತಾನೋ?

ಬೆಲೆಯ ವಿಚಾರ ಇನ್ನೂ ಸ್ವಲ್ಪ ಕೇಳಿ. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಸೂರಿನ ಮೇಲಿನ ಸೋಲಾರ್ ಕರೆಂಟಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಗೊತ್ತು ಮಾಡಿತ್ತು. ಸಬ್ಸಿಡಿ ತಗೊಂಡವರಿಗೆ 7 ರೂಪಾಯಿ 20 ಪೈಸೆ. 2016ರಲ್ಲಿ ಇಳಿಸಿದರು, ಆಮೇಲೂ ಇಳಿಸಿದರು, ಮನೆಯವರಿಗೆ 3 ರೂಪಾಯಿಯ ಆಸುಪಾಸಿಗೆ ತಂದರು. ಪ್ಯಾನಲ್ ಬೆಲೆಯೂ ಇಳಿದಿದೆ, ಸುಳ್ಳು ಹೇಳಬಾರದು. ಆದರೆ ನೀವು ಕೊಳ್ಳುವ ಕರೆಂಟಿಗೆ 6, ಮಾರುವ ಕರೆಂಟಿಗೆ 3. ಮಂಡಿಯಲ್ಲಿ ನಾವು ಕಂಡ ನ್ಯಾಯವೇ ಇದು. ಮೇಲಾಗಿ ಒಪ್ಪಂದ 25 ವರ್ಷದ್ದು, ದರ ಅದೇ. ಗೊಬ್ಬರದ ಬೆಲೆ 25 ವರ್ಷ ನಿಂತದ್ದನ್ನು ಯಾರಾದರೂ ಕಂಡಿದ್ದೀರಾ? ಅದಕ್ಕೇ ಹೇಳುತ್ತೇನೆ, ಮಾರುವುದಕ್ಕೆಂದು ಹಾಕಿಸಬೇಡಿ. ಮನೆಗೆ ಬೇಕಾದಷ್ಟೇ ಹಾಕಿಸಿ.

ಇನ್ನೊಂದು ಗುಟ್ಟು. ಪ್ಯಾನಲ್ಲಿನ ದುಡಿಮೆ ಹೆಚ್ಚಾಗಿ ಬಿಲ್ಲಿನಲ್ಲೇ ವಜಾ ಆಗುತ್ತದೆ, ಕೈಗೆ ನೋಟು ಬರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ನೋಟಿನಲ್ಲೇ ಕಟ್ಟಬೇಕು. ನಮ್ಮ ಆದಾಯ ತಿಂಗಳಿನದ್ದೇ? ರಾಗಿ ವರ್ಷಕ್ಕೊಮ್ಮೆ. ಕೊಬ್ಬರಿ ಬೆಲೆ 2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು, 2025ರಲ್ಲಿ ಕ್ವಿಂಟಾಲಿಗೆ 20 ಸಾವಿರ ದಾಟಿತು. 2025ರ ಬೆಲೆ ನೋಡಿ ಸಾಲ ಮಾಡಿದವನು 2023ರಂಥ ವರ್ಷ ಬಂದರೆ ಕಂತು ಎಲ್ಲಿಂದ ತರುತ್ತಾನೆ? ಬೆಲೆ ಬಂದ ವರ್ಷ ಕೈದುಡ್ಡಿನಲ್ಲಿ ಹಾಕಿಸುವುದು ಲೇಸು.

ಈಗ ನನ್ನ ಪೆಟ್ಟಿನ ಕತೆ. ಹಾಕಿಸಿದ ಮೊದಲ ವಾರವೇ ಮಟಮಟ ಮಧ್ಯಾಹ್ನ ಲೈನ್ ಹೋಯಿತು. ತಾರಸಿ ಮೇಲೆ ಉರಿಬಿಸಿಲು, ಒಳಗೆ ಫ್ಯಾನು ನಿಂತಿದೆ. "ಏನ್ರೀ ಇದು, ಅಷ್ಟು ದುಡ್ಡು ಸುರಿದು ಮಿಕ್ಸಿ ತಿರುಗಲ್ವಲ್ಲ" ಎಂದು ಮನೆಯವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಮ್ಮ ಲೈನ್‌ಮನ್ ಬಿಡಿಸಿ ಹೇಳಿದ. ಬ್ಯಾಟರಿ ಇಲ್ಲದ ಸೋಲಾರು ಲೈನ್ ಹೋದಾಗ ತಾನೂ ನಿಂತುಬಿಡುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ಕಂಬದ ತಂತಿಗೆ ಹರಿದು, ಮೇಲೆ ಕೆಲಸ ಮಾಡುವವನ ಜೀವ ಹೋಗುತ್ತದೆ. ನ್ಯಾಯವಾದ ಮಾತು. ಆದರೆ ಮಾರಿದವನು ಇದನ್ನು ಮೊದಲೇ ಹೇಳಲಿಲ್ಲ. ಲೈನ್ ಇಲ್ಲದಾಗಲೂ ದೀಪ ಬೇಕೆಂದರೆ ಬ್ಯಾಟರಿಯ ಖರ್ಚು ಬೇರೆ. ಕೆಲವೇ ವರ್ಷಕ್ಕೆ ಅದನ್ನು ಬದಲಿಸುವ ಖರ್ಚು ಮತ್ತೂ ಬೇರೆ.

ಎರಡನೆಯದು ನೆರಳು. ಯುಗಾದಿ ಹೊತ್ತಿನಲ್ಲಿ ಬಿಸಿಲು ನೋಡಿ ಜಾಗ ಗೊತ್ತು ಮಾಡಿದೆವು. ಧನುರ್ಮಾಸಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿದಾಗ ತೆಂಗಿನ ನೆರಳು ಮೂರು ಗಂಟೆಗೇ ಪ್ಯಾನಲ್ ಮೇಲೆ ಬಿತ್ತು. ಒಂದು ಪ್ಯಾನಲ್ಲಿಗೆ ನೆರಳಾದರೆ ಅದರ ಸಾಲಿನಲ್ಲಿ ಉಳಿದವುಗಳ ದುಡಿಮೆಯೂ ಕುಗ್ಗುತ್ತದೆ. ಕೂರಿಸಿದವನನ್ನು ಕರೆಸಿದರೆ "ಮರ ಕಡಿಸಿ" ಅಂದ. ನಮ್ಮಪ್ಪ ನೆಟ್ಟ ಮರ, ಈಗಲೂ ಕಾಯಿ ಬಿಡುತ್ತಿದೆ. ನಾನು ಕಡಿಸಲಿಲ್ಲ. ಸ್ಟ್ಯಾಂಡು ಕಿತ್ತು ಪೂರ್ವಕ್ಕೆ ಸರಿಸಲು ಮತ್ತೆ ಕೈಯಿಂದ ಖರ್ಚಾಯಿತು.

ಮೂರನೆಯದು ಕಾಗದ ಪತ್ರ. ಮೀಟರಿನ ಆರ್.ಆರ್. ನಂಬರು ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ಪಾಸ್‌ಬುಕ್ಕು ನನ್ನ ಹೆಸರು. ಮರಣ ಪತ್ರ, ವಂಶವೃಕ್ಷ, ತಮ್ಮಂದಿರ ಒಪ್ಪಿಗೆ ಎಂದು ಅಲೆದು ಹೆಸರು ಬದಲಾಯಿಸುವವರೆಗೆ ಸಬ್ಸಿಡಿ ಬರಲಿಲ್ಲ. ಅಷ್ಟೂ ದಿನದ ಬಡ್ಡಿ ನನ್ನ ತಲೆಗೆ.

ಆದ್ದರಿಂದ ಸಹಿ ಹಾಕುವ ಮುಂಚೆ ಇಷ್ಟು ಮಾಡಿ.

1. ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸರಾಸರಿ ಯೂನಿಟ್ ತೆಗೆಯಿರಿ. ಬಿಲ್ಲು ಸೊನ್ನೆ ಇದ್ದರೆ ಸಾಲ ಮಾಡಿ ಹಾಕಿಸಬೇಡಿ.

2. ಈಗಿನ ಖರೀದಿ ದರ ಎಷ್ಟು, ಲೋಡ್ ಏರಿಸಿದರೆ ನಿಗದಿ ಶುಲ್ಕ ಎಷ್ಟು ಏರುತ್ತದೆ, ಗೃಹಜ್ಯೋತಿ ಲೆಕ್ಕ ಏನಾಗುತ್ತದೆ ಎಂದು ವಿದ್ಯುತ್ ನಿಗಮದ ಕಚೇರಿಯಲ್ಲಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತು ಬೇಡ.

3. ಆರ್.ಆರ್. ನಂಬರು, ಖಾತೆ, ಪಾಸ್‌ಬುಕ್ಕು ಒಬ್ಬರ ಹೆಸರಿಗೆ ತನ್ನಿ. ಅಣ್ಣತಮ್ಮಂದಿರ ಜಂಟಿ ಮನೆಯಾದರೆ ಮೊದಲೇ ಕೂತು ಮಾತಾಡಿಕೊಳ್ಳಿ.

4. 1 ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿರಬೇಕು. ಒಂದೊಂದು ಪ್ಯಾನಲ್ 20 ಕಿಲೋಗೂ ಹೆಚ್ಚು ಭಾರ. ಹೆಂಚಿನ ಮನೆಯವರು ತೊಲೆ, ರೀಪು ಗೆದ್ದಲು ಹಿಡಿದಿವೆಯೇ ಎಂದು ಬಡಗಿಗೆ ತೋರಿಸಿ.

5. ಅರ್ಥಿಂಗು, ಸಿಡಿಲು ತಡೆಯುವ ಕಡ್ಡಿ ಇಲ್ಲದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ. ಪ್ಯಾನಲ್ಲಿಗೆ 25 ವರ್ಷ ಎನ್ನುತ್ತಾರೆ, ಇನ್ವರ್ಟರು ಅಷ್ಟು ಬಾಳುವುದಿಲ್ಲ. ಎರಡರ ಗ್ಯಾರಂಟಿಯನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

6. ಧೂಳು ಕೂತರೆ ಕರೆಂಟು ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಬರೀ ನೀರಿನಿಂದ ತೊಳೆಯಿರಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ.

ಬಂಧುಗಳೇ, ಬಿಸಿಲು ನಮ್ಮದು, ಸೂರು ನಮ್ಮದು, ಸಾಲವೂ ನಮ್ಮದೇ ಆಗುತ್ತದೆ. ಹಾಗಿದ್ದ ಮೇಲೆ ಲೆಕ್ಕವನ್ನೂ ನಾವೇ ಹಾಕಬೇಕು. ಆ ಹುಡುಗ ಮತ್ತೆ ಬೈಕಿನಲ್ಲಿ ಬಂದರೆ ಗದರಬೇಡಿ, ಅವನೂ ಯಾವುದೋ ರೈತನ ಮಗನೇ. ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಡಿ, ನಿಮ್ಮ ಬಿಲ್ಲು ಅವನ ಮುಂದಿಟ್ಟು "ನನ್ನ ಮನೆಯ ಲೆಕ್ಕ ಬರೆದು ತೋರಿಸಪ್ಪ" ಎನ್ನಿ. ಬರೆದು ತೋರಿಸಿದರೆ ಮುಂದಿನ ಮಾತು. ಬರೆಯದಿದ್ದರೆ ಕಾಫಿ ಕುಡಿದು ಹೋಗಲಿ.