ಹಲ್ಲುನೋವಿನ ಒಂದು ರಾತ್ರಿ



ಹಲ್ಲುನೋವು ಹಗಲಿನಲ್ಲಿ ಬಂದರೆ ವ್ಯಾಧಿ, ರಾತ್ರಿಯಲ್ಲಿ ಬಂದರೆ ಶಿಕ್ಷೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿಗೆ ಬಂಧುಗಳ ಮನೆಗೆ ಹೋಗಿದ್ದಾಗ ನಮಗೆ ಈ ಶಿಕ್ಷೆ ಪ್ರಾಪ್ತವಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿಯೇ ಸ್ಥಾಪಿತವಾಯಿತಷ್ಟೆ; ಆದರೆ ನಡುರಾತ್ರಿಯ ಹಳ್ಳಿಗೆ ಅದು ದೂರವೇ ಸರಿ.

ಮಲಗಿದೊಡನೆ ನೋವು ಇಮ್ಮಡಿಯಾಯಿತು. ಇದಕ್ಕೆ ಕಾರಣವುಂಟು. ಹಲ್ಲಿನೊಳಗೆ ನರಗಳೂ ರಕ್ತನಾಳಗಳೂ ಕೂಡಿದ ಮೃದುವಾದ ತಿರುಳಿದೆ. ಅದು ಊದಿಕೊಂಡರೆ ಹಿಗ್ಗುವುದಕ್ಕೆ ಎಡೆಯಿಲ್ಲ. ಮಲಗಿದಾಗ ಅಲ್ಲಿ ರಕ್ತದ ಒತ್ತಡ ಹೆಚ್ಚುವುದರಿಂದ ವೇದನೆಯೂ ಹೆಚ್ಚುತ್ತದೆ. ಆದುದರಿಂದ ದಿಂಬುಗಳಿಗೆ ಒರಗಿ ಕುಳಿತೆವು. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದೆವು. ಕೆನ್ನೆಗೆ ತಣ್ಣೀರಿನ ಬಟ್ಟೆ ಒತ್ತಿದೆವು. ಮನೆಯ ಅಜ್ಜಿಯವರು ಲವಂಗವನ್ನು ಕೊಟ್ಟರು. ಅದರಲ್ಲಿರುವ ಯೂಜಿನಾಲ್ ನೋವನ್ನು ಕೊಂಚಕಾಲ ಮಂಕುಮಾಡತಕ್ಕದ್ದು. ದಂತವೈದ್ಯರೂ ಅದನ್ನು ಬಳಸುವುದುಂಟು. ಆಸ್ಪಿರಿನ್ ಗುಳಿಗೆಯನ್ನು ವಸಡಿಗೆ ಒತ್ತಿಕೊಳ್ಳಿರೆಂದು ಒಬ್ಬರು ಸಲಹೆಯಿತ್ತರು. ಅದು ವಸಡನ್ನು ಸುಡುವುದೆಂದು ಬಲ್ಲ ನಾವು ಒಪ್ಪಲಿಲ್ಲ.

ಬೆಳಗಿನ ಜಾವ ನೋವು ತಟ್ಟನೆ ನಿಂತಿತು. ವೈದ್ಯರ ಗೊಡವೆ ಇನ್ನೇಕೆ ಎಂಬ ಆಸೆಯೂ ಹುಟ್ಟಿತು. ಆದರೆ ತಿರುಳು ಸತ್ತಾಗಲೂ ನೋವು ನಿಲ್ಲುವುದುಂಟು. ಕೀವು ಮಾತ್ರ ಬೇರಿನ ತುದಿಯಲ್ಲಿ ಬೆಳೆಯುತ್ತಿರುತ್ತದೆ. ಮೊದಲ ಬಸ್ಸನ್ನೇ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಪರೀಕ್ಷಿಸಿದ ವೈದ್ಯರು, ಹಾಗೆಯೇ ಆಗಿದೆಯೆಂದರು.

ಇನ್ನೊಂದು ಮಾತು. ಬಾವು ಕೊರಳಿಗಿಳಿದರೆ, ನುಂಗಲು, ಬಾಯಿ ತೆರೆಯಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗುವುದನ್ನು ಕಾಯಲಾಗದು. ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗತಕ್ಕದ್ದು. ಉಳಿದ ಉಪಾಯಗಳೆಲ್ಲ ವೈದ್ಯರ ಬಾಗಿಲು ತೆರೆಯುವವರೆಗೆ ಮಾತ್ರ.