ಅಳು ನಿಂತ ಮೇಲೆ

ತಾಯಿಯನ್ನು ಬಿಟ್ಟಿರುವ ಮಗುವಿನ ವಿಷಯದಲ್ಲಿ ಹಿರಿಯರಾದ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಅಳುತ್ತಿದೆಯೆ?” ಮೊದಲೆರಡು ದಿನ ಅತ್ತಿತು, ಈಗ ಹೊಂದಿಕೊಂಡಿದೆ ಎಂಬ ಉತ್ತರ ಬಂದರೆ ನಮಗೆ ನೆಮ್ಮದಿ. ಈ ‘ಹೊಂದಿಕೊಂಡಿದೆ’ ಎಂಬ ಮಾತನ್ನು ನಂಬದೆ ಹೋದ ಒಬ್ಬ ಮನುಷ್ಯನ ವಿಚಾರವನ್ನು ಶ್ರೋತೃಗಳ ಮುಂದೆ ಇಂದು ಇಡಬೇಕೆಂದಿದ್ದೇನೆ.

ಆತನ ಹೆಸರು ಜೇಮ್ಸ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸಿಗ್ಮಂಡ್ ಫ್ರಾಯ್ಡನ ಮಗಳು ಆನಾ ಫ್ರಾಯ್ಡ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸುತ್ತಿದ್ದ ಶಿಶುನಿಲಯದಲ್ಲಿ ಬಾಯ್ಲರ್ ನೋಡಿಕೊಳ್ಳುವಂಥ ಕೆಲಸಕ್ಕಿದ್ದ. ಆ ನಿಲಯದಲ್ಲಿ ಒಂದು ನಿಯಮವಿತ್ತು. ದಾದಿಯಾಗಲಿ, ಕಲ್ಲಿದ್ದಲು ಹಾಕುವವನಾಗಲಿ, ಮಕ್ಕಳಲ್ಲಿ ತಾನು ಕಂಡದ್ದನ್ನು ಚೀಟಿಯ ಮೇಲೆ ಬರೆದಿಡಬೇಕು. ಅಭಿಪ್ರಾಯ ಬೇಡ, ಕಂಡದ್ದು ಬೇಕು. ರಾಬರ್ಟ್‌ಸನ್‌ಗೆ ನಿಜವಾದ ವಿದ್ಯಾಭ್ಯಾಸ ಅಲ್ಲಿಯೇ ಆಯಿತೆಂದು ನನ್ನ ಭಾವನೆ.

1948ರಲ್ಲಿ ಆತ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಜಾನ್ ಬೌಲ್ಬಿಯ ಬಳಿ ಸೇರಿದ. ತಾಯಿಯಿಂದ ಅಗಲಿದ ಮಗುವಿಗೆ ಏನಾಗುತ್ತದೆ ಎಂಬುದು ಮನೋವೈದ್ಯ ಬೌಲ್ಬಿಯನ್ನು ಕಾಡುತ್ತಿದ್ದ ಪ್ರಶ್ನೆ. ಅದನ್ನು ನೋಡಿ ಬಾ ಎಂದು ರಾಬರ್ಟ್‌ಸನ್‌ನನ್ನು ಮಕ್ಕಳ ವಾರ್ಡುಗಳಿಗೆ ಕಳುಹಿಸಿದ.

ಅಂದಿನ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಂದೆತಾಯಿಗಳಿಗೆ ಇದ್ದ ಅವಕಾಶ ಬಲು ಕಡಿಮೆ. ಹಲವೆಡೆ ವಾರಕ್ಕೆ ಒಂದೆರಡು ಗಂಟೆ. ಕೆಲವೆಡೆ ಅದೂ ಇಲ್ಲ. ಸೋಂಕಿನ ಭಯ ಒಂದು ಕಾರಣ. ಇನ್ನೊಂದು ಕಾರಣ ಕೇಳಲು ವಿಚಿತ್ರ: ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದ್ದರಿಂದ ಬಾರದಿರುವುದೇ ಮಗುವಿಗೆ ಹಿತ! ಹೀಗೆ ಹೇಳಿದವರು ಕ್ರೂರಿಗಳಲ್ಲ. ಹಗಲಿರುಳು ದುಡಿಯುತ್ತಿದ್ದ ಒಳ್ಳೆಯ ವೈದ್ಯರು, ಒಳ್ಳೆಯ ದಾದಿಯರು.

ರಾಬರ್ಟ್‌ಸನ್ ಹಾಸಿಗೆಗಳ ಪಕ್ಕದಲ್ಲಿ ಕುಳಿತು ನೋಡಿದ. ಪುಟ್ಟ ಮಕ್ಕಳು ಮೊದಲು ಗಟ್ಟಿಯಾಗಿ ಅತ್ತು ಪ್ರತಿಭಟಿಸುತ್ತಿದ್ದವು. ಆಮೇಲೆ ಅಳು ಸಣ್ಣದಾಗಿ, ಮುಖ ಕಳೆಗುಂದಿ, ಮಗು ಒಂದು ಮೂಲೆ ಹಿಡಿಯುತ್ತಿತ್ತು. ದೀರ್ಘಕಾಲ ಉಳಿದ ಮಕ್ಕಳಲ್ಲಿ ಮೂರನೆಯದೊಂದು ಹಂತ ಬರುತ್ತಿತ್ತು: ಮಗು ನಗುತ್ತದೆ, ಯಾರು ಕೊಟ್ಟರೂ ತಿನ್ನುತ್ತದೆ, ತಾಯಿ ಬಂದರೆ ಅವಳ ಕೈಯಲ್ಲಿರುವ ಮಿಠಾಯಿಯನ್ನು ನೋಡುತ್ತದೆ, ಅವಳನ್ನು ನೋಡುವುದಿಲ್ಲ. ವಾರ್ಡಿನವರು ‘ಹೊಂದಿಕೊಂಡಿತು’ ಎನ್ನುತ್ತಿದ್ದುದು ಇದನ್ನೇ. ಆಸೆಯನ್ನು ಕೈಬಿಟ್ಟದ್ದರ ಲಕ್ಷಣ ಇದು ಎಂದು ರಾಬರ್ಟ್‌ಸನ್ ಹೇಳಿದಾಗ ನಂಬಿದವರು ಕಡಿಮೆ.

ಮಾತನ್ನು ನಂಬದವರಿಗೆ ಕಣ್ಣಿಗೇ ತೋರಿಸೋಣವೆಂದು ಚಲನಚಿತ್ರದ ಕ್ಯಾಮೆರಾ ಕೊಂಡ. ಅದುವರೆಗೆ ಅದನ್ನು ಹಿಡಿದವನಲ್ಲ. ಬೇಕಾದ ಮಗುವನ್ನು ಆರಿಸಿಕೊಂಡ ಎಂಬ ಅಪವಾದ ಬಾರದಂತೆ, ಕಾದಿರುವವರ ಪಟ್ಟಿಯಿಂದ ಹೇಗೆ ಬಂತೋ ಹಾಗೆ ಒಂದು ಹೆಸರು ತೆಗೆದ. ಬೇಕಾದ ಗಳಿಗೆಯನ್ನು ಆರಿಸಿದ ಎನ್ನದಂತೆ ದಿನವೂ ಗೊತ್ತಾದ ಹೊತ್ತಿನಲ್ಲೇ ಚಿತ್ರಿಸಿದ. ಗೋಡೆಯ ಗಡಿಯಾರವೂ ಚಿತ್ರದೊಳಗೆ ಬಂತು. ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಇರಬೇಕಾಗಿದ್ದ, ಎರಡೂವರೆ ವರ್ಷ ಇನ್ನೂ ತುಂಬದ ಲಾರಾ ಎಂಬ ಹುಡುಗಿ ಅದರ ನಾಯಕಿ.

ವಿಧಿಯ ಆಟ ನೋಡಿ: ಪಟ್ಟಿಯಲ್ಲಿ ಸಿಕ್ಕ ಹುಡುಗಿ ತನ್ನ ವಯಸ್ಸಿಗೆ ಮೀರಿದ ಸಂಯಮದವಳು. ಅವಳು ಕಿರುಚಿ ರಂಪ ಮಾಡುವುದು ಅಪರೂಪ. ಗೊಂಬೆಯನ್ನು ಅವಚಿಕೊಂಡು, ಅಮ್ಮ ಎಲ್ಲಿ ಎಂದು ಆಗಾಗ ಮೆಲ್ಲಗೆ ವಿಚಾರಿಸುತ್ತಾಳೆ, ಅಷ್ಟೆ. ತಾಯಿ ಬಂದಾಗ ಮುಖ ತಿರುಗಿಸುತ್ತಾಳೆ. ಮನೆಗೆ ಹೊರಡುವ ದಿನ ತನ್ನ ಸಾಮಾನನ್ನೆಲ್ಲ ಕೇಳಿ ತೆಗೆದುಕೊಳ್ಳುತ್ತಾಳೆ. ತಾಯಿ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ.

1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಚಿತ್ರ ತೋರಿಸಿದಾಗ ಸಭೆ ಸಿಟ್ಟಿಗೆದ್ದಿತು. ಇದು ವೃತ್ತಿಗೆ ಮಾಡಿದ ಅವಮಾನ, ಈ ಮಗು ಎಲ್ಲ ಮಕ್ಕಳಂತಲ್ಲ ಎಂಬ ಟೀಕೆಗಳು ಬಂದವು. ಹಾಗೆ ಸಿಟ್ಟಾದವರಲ್ಲಿ ಏಮರ್‌ಶಮ್ ಎಂಬ ಊರಿನ ಮಕ್ಕಳ ವೈದ್ಯ ಡರ್ಮಡ್ ಮೆಕಾರ್ಥಿಯೂ ಒಬ್ಬ. ಆದರೆ ತನ್ನ ವಾರ್ಡಿಗೆ ಮರಳಿದ ಮೇಲೆ ಆ ಚಿತ್ರದಲ್ಲಿ ಕಂಡದ್ದು ಅಲ್ಲಿಯೂ ಕಾಣತೊಡಗಿತು. ತಾಯಂದಿರು ಮಕ್ಕಳ ಜೊತೆಯಲ್ಲೇ ಉಳಿಯಲು ಆತ ಏರ್ಪಾಡು ಮಾಡಿದ. ಅಲ್ಲಿಯೇ ರಾಬರ್ಟ್‌ಸನ್ ತನ್ನ ಮುಂದಿನ ಚಿತ್ರವನ್ನು ತೆಗೆದದ್ದು. ಸಿಟ್ಟಾಗಿ ಹೋಗಿ, ಒಪ್ಪಿ ಬರುವ ಈ ಧೈರ್ಯ ವಿದ್ವಾಂಸರಲ್ಲಿ ವಿರಳ. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಸಮಿತಿ ತಂದೆತಾಯಿಗಳ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಬಾಗಿಲುಗಳೇನೋ ತೆರೆದವು, ಆದರೆ ನಿಧಾನವಾಗಿ.

ಬೌಲ್ಬಿಯ ಬಳಿ ಇದ್ದಾಗ ರಾಬರ್ಟ್‌ಸನ್‌ನ ಟಿಪ್ಪಣಿಗಳನ್ನು ಓದಿ ಬೆರಗಾದವಳು ಮೇರಿ ಐನ್ಸ್‌ವರ್ತ್. ಈಕೆ 1954ರಲ್ಲಿ ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಮನೆಮನೆಗೆ ಹೋಗಿ ತಾಯಿ ಮಕ್ಕಳನ್ನು ಗಮನಿಸಿದಳು. ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವೇ ನಿಮಿಷ ಹೊರಗೆ ಹೋಗಿ ಬರುವ ಪ್ರಯೋಗ ಈಕೆಯದು. ಹೋದಾಗ ಅತ್ತಿತೆ ಎನ್ನುವುದಕ್ಕಿಂತ, ಬಂದಾಗ ಏನು ಮಾಡಿತು ಎಂಬುದರ ಮೇಲೆ ಈಕೆಯ ಕಣ್ಣು. ಕೆಲವು ಮಕ್ಕಳು ಅಳುವುದೂ ಇಲ್ಲ, ಬಂದವಳನ್ನು ನೋಡುವುದೂ ಇಲ್ಲ, ಆಟಿಕೆಯಲ್ಲೇ ಮಗ್ನ. ಇಂಥ ಮಕ್ಕಳ ಎದೆಬಡಿತವನ್ನು 1970ರ ದಶಕದಲ್ಲಿ ಬೇರೆ ಸಂಶೋಧಕರು ಅಳೆದರು. ಮುಖ ಶಾಂತವಾಗಿತ್ತು, ಎದೆ ಮಾತ್ರ ವೇಗವಾಗಿ ಬಡಿಯುತ್ತಿತ್ತು.

ಬೌಲ್ಬಿಯ ಮಾತನ್ನು ಹಿಡಿದುಕೊಂಡು, ಹೆಂಗಸರು ಮನೆ ಬಿಟ್ಟು ಕದಲಬಾರದೆಂದು ಉಪದೇಶಿಸಿದವರೂ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ರಾಬರ್ಟ್‌ಸನ್ ಮತ್ತು ಆತನ ಹೆಂಡತಿ ಜಾಯ್ಸ್, ತಾಯಿ ಹೆರಿಗೆಗೆ ಹೋಗಿದ್ದ ನಾಲ್ಕು ಮಕ್ಕಳನ್ನು ಒಂದೊಂದಾಗಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದರು. ಮೊದಲೇ ಪರಿಚಯವಾಗಿದ್ದ, ಅಕ್ಕರೆಯ ಒಬ್ಬ ವ್ಯಕ್ತಿ ಜೊತೆಗಿದ್ದರೆ ಮಗು ಕುಗ್ಗಿಹೋಗುವುದಿಲ್ಲ ಎಂದು ಕಂಡರು. ಈ ವಿಷಯದಲ್ಲಿ ಅವರು ಬೌಲ್ಬಿಯನ್ನೇ ಎದುರಿಸಿ ನಿಂತರು.

ಇದನ್ನೆಲ್ಲ ಓದುವುದಕ್ಕೆ ಹಲವು ವರ್ಷ ಮೊದಲು ನನ್ನ ಹೆಂಡತಿ ಟೈಫಾಯಿಡ್ಡಿನಿಂದ ಮಲಗಿದ್ದಳು. ಮೂರು ವರ್ಷದ ಮಗಳನ್ನು ತೀರ್ಥಹಳ್ಳಿಯ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದೆವು. ಒಂದು ತಿಂಗಳಾದ ಮೇಲೆ ಇಬ್ಬರೂ ಕರೆತರಲು ಹೋದೆವು. ಮಗಳು ಅಜ್ಜಿಯ ಸೆರಗಿನ ಮರೆಯಿಂದ ಇಣುಕಿ, ತಾಯಿಯ ಮುಖವನ್ನೇ ನೋಡುತ್ತ, “ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ತೀರಾ?” ಎಂದಳು. ಬಂದವರನ್ನು ಅಜ್ಜಿ ಮಾತನಾಡಿಸುವ ಧಾಟಿಯಲ್ಲೇ. ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ, ಎಷ್ಟು ಜಾಣೆಯಾಗಿದ್ದಾಳೆ, ಅಳಲೇ ಇಲ್ಲ ಎಂದು ಹೆಮ್ಮೆಪಟ್ಟೆ. ನನ್ನ ಹೆಂಡತಿ ನಗಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು.

ಲಾರಾಳ ವಿಚಾರದಲ್ಲಿ ಇನ್ನೊಂದು ಸಂಗತಿ ದಾಖಲಾಗಿದೆ. ತಿಂಗಳುಗಳು ಕಳೆದ ಮೇಲೆ, ಆ ಚಿತ್ರವನ್ನು ತಂದೆತಾಯಿಗಳಿಗೆ ತೋರಿಸುತ್ತಿದ್ದಾಗ ಆಕಸ್ಮಿಕವಾಗಿ ಅವಳೂ ಅದನ್ನು ನೋಡಿದಳಂತೆ. ಅಷ್ಟು ದಿನವೂ ನೀನು ಎಲ್ಲಿದ್ದೆ ಎಂದು ತಾಯಿಯನ್ನು ಸಿಟ್ಟಿನಿಂದ ಕೇಳಿ, ಗಟ್ಟಿಯಾಗಿ ಅಳುತ್ತ ತಂದೆಯ ಕಡೆ ತಿರುಗಿದಳಂತೆ.

ನನ್ನ ಮಗಳು ಅದನ್ನೂ ಕೇಳಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಹೋದಳು. ಶಿವಮೊಗ್ಗದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಎತ್ತಿಕೊಳ್ಳಲು ಹೋದರೆ, ತಾಯಿಯ ಸೀರೆಯ ಸೆರಗು ಅವಳ ಮುಷ್ಟಿಯಲ್ಲಿತ್ತು. ಬಿಡಿಸಲು ನನ್ನಿಂದ ಆಗಲಿಲ್ಲ. ಇಬ್ಬರನ್ನೂ ಹಾಗೆಯೇ ಮೆಲ್ಲಗೆ ಇಳಿಸಿದೆ.